ಮೊದಲ ಪಂಕ್ತಿಯ ಊಟ

ಉಣ್ಣಲು ಕರೆದರೆ ಬೇಡ ಅನ್ನಬಾರದು. ಮಂಡ್ಯದ ಮಕ್ಕಳ ರಕ್ಷಣೆಯ ಸಂಸ್ಥೆಯೊಂದಕ್ಕೆ ಸಮಾಜ ಕಾರ್ಯಕರ್ತೆಯಾಗಿ ಸೇರಿದ ಹೊಸದರಲ್ಲೇ ನಾಗರತ್ನ ಈ ಪಾಠ ಕಲಿತಿದ್ದಳು. ಕೊಟ್ಟ ನೀರು ಬೇಡ ಅಂದಿರೋ, ಅವತ್ತಿಗೆ ಆ ಮನೆಯ ಬಾಯಿ ಮುಚ್ಚಿತು ಅಂತಲೇ ತಿಳಿಯಬೇಕು. ಮಕ್ಕಳ ವಿಷಯ ಹಾಗಿರಲಿ, ಎಮ್ಮೆಕರುವಿನ ವಿಷಯವನ್ನೂ ಬಿಟ್ಟುಕೊಡುವುದಿಲ್ಲ. ಹಾಗಾಗಿ ಆಕೆ ಇಷ್ಟು ವರ್ಷದಲ್ಲಿ ಉಪ್ಪಿಲ್ಲದ ಉಪ್ಪಿಟ್ಟು ತಿಂದಿದ್ದಳು, ನೊಣ ಬಿದ್ದ ಕಾಫಿಯನ್ನು ನೊಣ ಎತ್ತಿ ಹಾಕಿ ಕುಡಿದಿದ್ದಳು. ಹೊಟ್ಟೆ ಕೆಟ್ಟದ್ದುಂಟು, ಕೆಲಸ ಕೆಟ್ಟಿರಲಿಲ್ಲ. ಆ ಬುಧವಾರ ಎರಡೂ ಕೆಟ್ಟವು.

ಅವತ್ತು ಅವಳು ಹೊರಟಿದ್ದು ದೀಪಿಕ ಎಂಬ ಹುಡುಗಿಯನ್ನು ನೋಡಿಕೊಂಡು ಬರಲು. ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಿ, ಕಿರುಗಾವಲಿನಲ್ಲಿ ಇಳಿದು, ಅಲ್ಲಿಂದ ಆಟೋದಲ್ಲಿ ಬಾಳೆಕೊಪ್ಪಲಿಗೆ ಹೋಗಬೇಕು. ದೀಪಿಕಳಿಗೆ ಹದಿನಾರು ವರ್ಷ, ಮಳವಳ್ಳಿಯಲ್ಲಿ ಮೊದಲ ಪಿಯುಸಿ. ಅಪ್ಪ ತೀರಿಕೊಂಡಿದ್ದಾನೆ. ಅಮ್ಮ ಸಣ್ಣತಾಯಮ್ಮ ಇದ್ದಾಳೆ, ಆದರೆ ಆ ಮನೆಯಲ್ಲಿ ಇದ್ದಾಳೆ ಅಂದರೆ ಇದ್ದಾಳೆ ಅಷ್ಟೆ. ಮಾತು, ಗದ್ದೆ, ಟ್ರ್ಯಾಕ್ಟರು, ತೀರ್ಮಾನ ಎಲ್ಲವೂ ದೊಡ್ಡಪ್ಪ ದೇವಯ್ಯನದು. ನಾಲೆ ನೀರಿನ ಗದ್ದೆ, ತಾರಸಿ ಮನೆ, ಅಂಗಳದಲ್ಲಿ ಬಿಳಿ ಕಾರು ಇದ್ದ ಮನೆ ಅದು. ಕಷ್ಟಕ್ಕೆ ಹುಡುಗಿಯನ್ನು ಸಾಗಹಾಕಿದರು ಅನ್ನುವ ಸಬೂಬೂ ಆ ಮನೆಗೆ ಇರಲಿಲ್ಲ.

ಹಿಂದಿನ ತಿಂಗಳು ಹುಡುಗಿ ಗೆಳತಿಯ ಫೋನಿನಿಂದ ಸಹಾಯವಾಣಿಗೆ ಕರೆ ಮಾಡಿದ್ದಳು. ಬಸ್ಸಿನಲ್ಲಿ ಯಾವನೋ ಹುಡುಗನ ಜೊತೆ ನಗುತ್ತಿದ್ದುದನ್ನು ಊರವರೊಬ್ಬರು ಕಂಡಿದ್ದರಂತೆ, ಅಷ್ಟಕ್ಕೇ ದೊಡ್ಡಪ್ಪ ಗಂಡು ಗೊತ್ತು ಮಾಡಿ, ಮಳವಳ್ಳಿಯಲ್ಲಿ ಛತ್ರವನ್ನೂ ಹಿಡಿದಿದ್ದನಂತೆ. ನಾಗರತ್ನ ಪೊಲೀಸರನ್ನು ಕರೆದುಕೊಂಡು ಬಂದು ಮದುವೆ ನಿಲ್ಲಿಸಿದಳು. ಕಾನೂನು ಬಿಡಿಸಿ ಹೇಳಿದಳು. ತಾಳಿ ಕಟ್ಟಿದವನು, ಕಟ್ಟಿಸಿದವರು ಮಾತ್ರವಲ್ಲ, ಬಂದು ಅಕ್ಷತೆ ಹಾಕಿ ಉಂಡು ಹೋದವರ ಮೇಲೂ ಕೇಸು ಆಗುತ್ತದೆ ಅಂದಿದ್ದಳು. ದೇವಯ್ಯ ಎಲ್ಲರ ಮುಂದೆ ಕರ್ಪೂರ ಹಚ್ಚಿ, ಮನೆದೇವರ ಆಣೆಗೂ ಮಗು ಓದ್ಲಿ, ಅದ್ನೆಂಟು ತುಂಬೋಗಂಟ ಮದ್ವೆ ಮಾತೇ ಎತ್ತಕಿಲ್ಲ ಅಂದಿದ್ದ. ಆ ದೇವರು ಅವನ ಆಣೆಗಳನ್ನು ಕೇಳಿ ಕೇಳಿ ಎಷ್ಟು ಬೇಸತ್ತಿತ್ತೋ ಏನೋ.

ಹೊರಡುವಾಗ ದೀಪಿಕ ನಾಗರತ್ನಳ ಸೆರಗು ಹಿಡಿದುಕೊಂಡಿದ್ದಳು.

"ಅಕ್ಕ, ನೀವು ಒಂಟೋದ್ಮೇಲೆ ಇವ್ರು ಸುಮ್ನಿರಲ್ಲ."

"ನಾನು ತಿರ್ಗಾ ಬತ್ತೀನಿ ಕಣಮ್ಮ. ನಿಂಗೆ ಏನಾದ್ರೂ ಅನ್ನಿಸ್ತೂ ಅಂದ್ರೆ ನಾನು ಬಂದಾಗ ಕೂಗು ಸಾಕು. ಉಳಿದಿದ್ದು ನಂಗೆ ಬುಡು."

ಹುಡುಗಿ ಆ ಮಾತನ್ನು ನಂಬಿ ಸೆರಗು ಬಿಟ್ಟಳು. ನಾಗರತ್ನ ಆ ಮೇಲೆ ಎರಡು ಸಲ ಫೋನ್ ಮಾಡಿದ್ದಳು. ಎರಡು ಸಲವೂ ದೇವಯ್ಯನೇ ಎತ್ತಿ, ಮಗು ಓದ್ಕತಾ ಅವಳೆ ಮೇಡಂ ಅಂದಿದ್ದ.

ಈಗ ಹೇಳದೆ ಕೇಳದೆ ಬಂದು ನೋಡಿದರೆ ಮನೆ ಮುಂದೆ ಶಾಮಿಯಾನ. ಹಿತ್ತಲಿನಿಂದ ಮಸಾಲೆಯ ಘಮಲು ರಸ್ತೆಗೇ ಬಡಿಯುತ್ತಿತ್ತು. ಮದ್ದೂರಿನ ಬೋರ್ಡಿದ್ದ ಎರಡು ವ್ಯಾನುಗಳು ಹುಣಸೆಮರದ ಕೆಳಗೆ ನಿಂತಿದ್ದವು. ದೇವಯ್ಯ ಅವಳನ್ನು ಕಂಡ ಕೂಡಲೆ ಒಂದು ಗಳಿಗೆ ಕಲ್ಲಾದ. ಆಮೇಲೆ ಹಲ್ಲು ಕಿರಿದುಕೊಂಡು ಬಂದ.

"ಬನ್ನಿ ಬನ್ನಿ ಮೇಡಂ. ಮನೆದೇವರ ಪರ ಮಡಗಿದ್ದೊ. ದೇವ್ರೇ ಕಳಿಸ್ದಂಗೆ ಬಂದ್ರಿ. ಉಂಡ್ಕೊಂಡೇ ಓಗ್ಬೇಕು."

"ದೀಪಿಕ ಎಲ್ಲಿ?"

"ಕಾಲೇಜಿಗೆ ಓಗವಳೆ. ಅದೇನೋ ಪರೀಕ್ಸೆ ಅಂತೆ. ಮದ್ಯಾನದ ಬಸ್ಗೆ ಬತ್ತಾಳೆ. ಅಷ್ಟೊತ್ಗೆ ನೀವು ಎಲೆ ಮುಂದೆ ಕೂತ್ಕಳಿ, ಅವ್ಳೂ ಬತ್ತಾಳೆ, ಮಾತಾಡುಸ್ಕೊಂಡು ಓಗಿವ್ರಂತೆ."

ಪರ ಅಂದರೆ ದೇವರ ಹೆಸರಿನಲ್ಲಿ ಮರಿ ಕಡಿದು ಊರಿಗೆ ಊಟ ಹಾಕುವುದು. ಅದನ್ನು ಬೇಡ ಅಂದರೆ ದೇವರಿಗೇ ಬೇಡ ಅಂದಂತೆ. ಹನಕೆರೆಯಲ್ಲಿ ಹುಟ್ಟಿ ಬೆಳೆದ ನಾಗರತ್ನಳಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಜೊತೆಗೆ ಬೆಳಿಗ್ಗೆ ಏನೂ ತಿಂದಿರಲಿಲ್ಲ. ಕೂತಳು. ಮುದ್ದೆ ಬಂತು, ಮರಿಯ ಕರುಳಿನ ಬೋಟಿ ಗೊಜ್ಜು ಬಂತು, ಕೈಮಾ ಉಂಡೆ ಬಂತು. ಸಾರು ಬಡಿಸಲು ಬಂದ ಸಣ್ಣತಾಯಮ್ಮ ಮುಖ ಎತ್ತಲಿಲ್ಲ. ಹುಯ್ದ ಸಾರು ಎಲೆಯ ಆಚೆಗೂ ಚೆಲ್ಲಿತು. ಚೆನ್ನಾಗಿದ್ದೀಯೇನಮ್ಮ ಅಂದಿದ್ದಕ್ಕೆ ಆಕೆ, ಇನ್ನೊಂಚೂರು ಆಕ್ಲಾ ಅಂದು ಮುಂದಿನ ಎಲೆಗೆ ಹೋದಳು.

ಗೊತ್ತಾಗಬೇಕಿತ್ತು. ಪರದ ಊಟಕ್ಕೆ ಯಾರು ಎಲ್ಲಿ ಬೇಕಾದರೂ ಕೂರುತ್ತಾರೆ, ದೊಡ್ಡವರು ಚಿಕ್ಕವರು ಅಂತ ನೋಡುವುದಿಲ್ಲ. ಇಲ್ಲಿ ಎದುರು ಸಾಲಿಗೆ ಮಾತ್ರ ಜಮಖಾನ ಹಾಸಿದ್ದರು. ಅಲ್ಲಿ ಗರಿಗರಿ ಬಿಳಿ ಅಂಗಿ ತೊಟ್ಟ ಪರವೂರಿನವರು ಕೂತಿದ್ದರು. ಅವರ ನಡುವೆ ಮೂವತ್ತು ದಾಟಿದ ಒಬ್ಬ ಗಂಡಸು ಎಡಗೈಯಲ್ಲಿ ಮೊಬೈಲು ಉಜ್ಜುತ್ತಾ ಬಲಗೈಯಲ್ಲಿ ಉಣ್ಣುತ್ತಿದ್ದ. ದೇವಯ್ಯ ಒಬ್ಬೊಬ್ಬರ ಎಲೆಯ ಮುಂದೆಯೂ ಕೈ ಜೋಡಿಸಿ ನಿಂತು, ನಿಧಾನ್ಕೆ ಊಟ ಮಾಡಿ, ನಿಧಾನ್ಕೆ, ಅನ್ನುತ್ತಿದ್ದ. ದೇವರ ಊಟಕ್ಕೆ ಯಾವನು ಹಾಗೆ ಕೈಮುಗಿದು ನಿಲ್ಲುತ್ತಾನೆ? ಇಷ್ಟೂ ನಾಗರತ್ನಳ ಕಣ್ಣಿಗೆ ಬಿದ್ದಿತ್ತು. ಆದರೆ ಬೋಟಿ ಚೆನ್ನಾಗಿತ್ತು. ಅವಳು ಎರಡನೇ ಸಲ ಹಾಕಿಸಿಕೊಂಡಳು. ಅವಳು ಬಾಗಿ ಉಣ್ಣುವಾಗ ದೇವಯ್ಯ ಮೊಬೈಲು ಎತ್ತಿ ಫೋಟೋ ಹಿಡಿದ. ಸ್ಟೇಟಸ್ಸಿಗೆ ಹಾಕಿಕೊಳ್ಳುತ್ತಾನೆ ಅಂದುಕೊಂಡು ಆಕೆ ನಕ್ಕಳು ಕೂಡ.

ಆಗ ಎದುರು ಸಾಲಿನ ನಡುಮಧ್ಯೆ ಕೂತಿದ್ದ ದಪ್ಪ ಮೀಸೆಯವನು ಎಲೆಯನ್ನು ಮುಂದಕ್ಕೆ ತಳ್ಳಿದ.

"ಏನ್ರೀ ದೇವಯ್ಯ, ನಮ್ಮ ಎಲೆಗೆ ಬರೀ ಮೂಳೆ. ಪೀಸೆಲ್ಲಾ ಆಯಮ್ಮನ ಎಲೆಗೆ. ಗಂಡಿನ ಚಿಕ್ಕಪ್ಪ ನಾನು. ಗ್ಯಾನ ಐತಾ?"

ಬಡಿಸುವವರ ಕೈ ನಿಂತವು. ದೇವಯ್ಯ ಓಡಿ ಬಂದು ಅವನ ಹೆಗಲ ಮೇಲೆ ಕೈಯಿಟ್ಟ. "ಸುಮ್ಕಿರಿ, ಆಮ್ಯಾಕೆ ಮಾತಾಡವ. ಲೇ, ಮಟನ್ ತಕ್ಕೊಂಡ್ ಬಾರ್ಲಾ ಇಲ್ಲಿ."

"ಯಾಕ್ ಸುಮ್ಕಿರ್ಲಿ? ಮದ್ವೇನ ಕತ್ಲೇಲಿ ಮಾಡಿ ಮುಗಿಸುದ್ರಿ. ಗುಡೀಲಿ ತಾಳಿ ಕಟ್ಟುಸ್ಬುಟ್ಟು ಒಂದ್ ಲೋಟ ಕಾಪಿನೂ ಕೊಡ್ದೆ ಕಳಿಸುದ್ರಿ. ಬೀಗ್ರೂಟದಲ್ಲಿ ಎಲ್ಲಾ ತೀರುಸ್ಬುಡ್ತೀವಿ ಅಂದ್ರಿ. ಇದೇನಾ ತೀರ್ಸೋದು? ನಮ್ ಸಂತೋಸನ್ಗೆ ಎಣ್ ಸಿಕ್ತಿರಲಿಲ್ವಾ?"

ಮೊಬೈಲು ಉಜ್ಜುತ್ತಿದ್ದವನು, ಅಂದರೆ ಆ ಸಂತೋಷ, ತಲೆ ಎತ್ತಿ, "ಬುಡು ಚಿಕ್ಕಪ್ಪ, ಜನ ಅವ್ರೆ," ಅಂದು ಮತ್ತೆ ಮೊಬೈಲಿಗೆ ಇಳಿದ.

ನೋಡಿ, ಈ ಜನ ಮದುವೆಯನ್ನು ಮುಚ್ಚಿಟ್ಟರು. ಓಲಗ ಬಿಟ್ಟರು, ಛತ್ರ ಬಿಟ್ಟರು, ಲಗ್ನಪತ್ರಿಕೆ ಬಿಟ್ಟರು, ದೇವರ ಮೇಲಿನ ಆಣೆಯನ್ನೂ ಬಿಟ್ಟರು. ಬೀಗರಿಗೆ ಮರಿ ಕಡಿದು ಹಾಕುವುದನ್ನು ಮಾತ್ರ ಬಿಡಲಾಗಲಿಲ್ಲ. ಆ ಬೀಗರಿಗೋ, ಜೈಲಿನ ಬಾಗಿಲು ಕಣ್ಣೆದುರೇ ಕೂತು ಮುದ್ದೆ ಮುರಿಯುತ್ತಿದ್ದರೂ, ಎಲೆಗೆ ಪೀಸು ಕಮ್ಮಿಯಾದ ಸಿಟ್ಟನ್ನು ತಡೆದುಕೊಳ್ಳಲಾಗಲಿಲ್ಲ. ಮಗುವಿನ ಬದುಕಿಗೆ ಇಲ್ಲದ ಬೆಲೆ ತೊಡೆಮಾಂಸಕ್ಕಿತ್ತು. ಥೂ.

ನಾಗರತ್ನ ಕೈಯಲ್ಲಿದ್ದ ತುತ್ತನ್ನು ಎಲೆಗೆ ಬಿಟ್ಟಳು. ತಾನು ಇಷ್ಟೊತ್ತು ಚಪ್ಪರಿಸಿದ್ದು ಆ ಹುಡುಗಿಯ ಮದುವೆಯ ಊಟ. ಹೊಟ್ಟೆಯಿಂದ ಗಂಟಲಿಗೆ ಏನೋ ಹುಳಿಯಾಗಿ ಎದ್ದು ಬಂತು. ಎದ್ದು ನಿಂತಳು. ಸಾರಿನ ಬಕೆಟ್ಟು ಹಿಡಿದಿದ್ದ ಸಣ್ಣತಾಯಮ್ಮ ಅವಳ ದಾರಿಗೆ ಬಂದು ಮೆಲ್ಲಗೆ ಅಂದಳು:

"ಎಲೆ ಬುಟ್ಟು ಎದ್ದೇಳ್ಬಾರ್ದು ಕಣಮ್ಮ. ಉಂಡ್ಬುಡು."

ಹೆತ್ತವಳ ಬಾಯಿಂದ ಬಂದದ್ದು ಅದೊಂದೇ ಮಾತು. ನಾಗರತ್ನ ಅವಳನ್ನು ದಾಟಿಕೊಂಡು ಮನೆಯೊಳಗೆ ನುಗ್ಗಿದಳು. ನಡುಮನೆಯ ಪಕ್ಕದ ಕೋಣೆಗೆ ಹೊರಗಿನಿಂದ ಚಿಲಕ ಹಾಕಿತ್ತು. ಬಲಗೈ ಎಂಜಲಾಗಿದ್ದರಿಂದ ಎಡಗೈಯಲ್ಲಿ ತೆಗೆದಳು.

ದೀಪಿಕ ಭತ್ತದ ಮೂಟೆಗೆ ಒರಗಿ ಕೂತಿದ್ದಳು. ಮೈಮೇಲೆ ಅವಳಿಗಿಂತ ದೊಡ್ಡದಾದ ರೇಷ್ಮೆ ಸೀರೆ, ಕುತ್ತಿಗೆಯಲ್ಲಿ ಹಸಿ ಹಳದಿ ದಾರ. ಅವಳ ಪಕ್ಕದ ಕಿಟಕಿ ಶಾಮಿಯಾನಕ್ಕೇ ತೆರೆದುಕೊಂಡಿತ್ತು. ಅಲ್ಲಿಂದ ಮೊದಲ ಪಂಕ್ತಿಯ ಒಂದೊಂದು ಎಲೆಯೂ ಕಾಣುತ್ತಿತ್ತು.

"ಬಾ ದೀಪಿಕ, ಓಗಣ," ಅಂದು ನಾಗರತ್ನ ಕೈ ಚಾಚಿದಳು. ಗಾಬರಿಯಲ್ಲಿ ಚಾಚಿದ್ದು ಬಲಗೈ. ಬೆರಳಿಗೆ ಗೊಜ್ಜು ಮೆತ್ತಿಕೊಂಡಿತ್ತು. ಹುಡುಗಿ ಆ ಕೈಯನ್ನು ನೋಡಿ ಮೂಟೆಗೆ ಇನ್ನಷ್ಟು ಅಂಟಿಕೊಂಡಳು.

"ನೀವು ಆಟೋ ಇಳಿದಾಗ್ಲೇ ನೋಡ್ದೆ. ಕೂಗಣ ಅಂತ ಬಾಯ್ ತೆಗ್ದೆ. ಅಷ್ಟರಲ್ಲಿ ನೀವು ಎಲೆ ಮುಂದೆ ಕೂತ್ಕಂಡ್ರಿ. ನಮ್ಮ ದೊಡ್ಡಪ್ಪ ಕರೆಸವ್ನೆ, ಅದ್ಕೇ ಬಂದವ್ರೆ ಅನ್ಕಂಡೆ." ಅವಳು ಅಳುತ್ತಿರಲಿಲ್ಲ. ಪಾಠ ಒಪ್ಪಿಸುವವಳಂತೆ ಹೇಳುತ್ತಿದ್ದಳು. "ಬೋಟಿ ಎರಡ್ನೇ ಸಲ ಆಕಿಸ್ಕಂಡ್ರಿ. ಚೆನ್ನಾಗಿತ್ತಾ ಅಕ್ಕ?"

ಇಷ್ಟು ವರ್ಷ ಕಂಡವರ ಮನೆಯ ಹೇಸಿಗೆಯನ್ನು ಎತ್ತಿ ತೋರಿಸಿ ಬದುಕಿದವಳು ನಾಗರತ್ನ. ಕುಡುಕ ಅಪ್ಪಂದಿರನ್ನು, ಕಂಡೂ ಕಾಣದಂತಿದ್ದ ಅಜ್ಜಿಯರನ್ನು, ನಮಗ್ಯಾಕೆ ಅಂದ ಅಕ್ಕಪಕ್ಕದವರನ್ನು ನೋಡಿ ಉಗಿದು ಬಂದವಳು. ಇವತ್ತು ಉಗಿಯಲು ಬಾಯಿ ತೆರೆದರೆ ಅದೇ ಮಸಾಲೆಯ ತೇಗು ಬರುತ್ತಿತ್ತು. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ದೇವಯ್ಯ ಬಾಗಿಲಲ್ಲಿ ಬಂದು ನಿಂತ. ಈಗ ಹಲ್ಲು ಕಿರಿಯಲಿಲ್ಲ, ಕೈಯೂ ಮುಗಿಯಲಿಲ್ಲ. ಮೊಬೈಲು ತಿರುಗಿಸಿ ತೋರಿಸಿದ. ಎಲೆಯ ಮೇಲೆ ಬಾಗಿ, ಬಾಯಿ ತುಂಬಿಕೊಂಡು ನಗುತ್ತಿದ್ದ ನಾಗರತ್ನ ಅದರಲ್ಲಿದ್ದಳು.

"ಮದ್ವೆಗೆ ಬಂದು ಉಂಡೋರ ಮ್ಯಾಲೂ ಕೇಸು ಅಂತ ನೀವೇ ಏಳಿದ್ದು. ಈವಾಗ ಕೇಸು ಆಕಿ ನೋಡವ. ಮೊದ್ಲನೇ ಪಂಕ್ತೀಲಿ ಬೀಗರ ಎದುರ್ಗೆ ಕೂತು ಉಂಡಿರೋರು ನೀವು. ನಿಮ್ ಆಪೀಸ್ನೋರು ಏನಂತಾರೆ? ಪೇಪರ್ನೋರು ಏನಂತಾರೆ?" ದನಿ ತಗ್ಗಿಸಿದ. "ನೋಡವ್ವ, ನೀನೂ ನಮ್ ಕಡೆ ಎಣ್ಮಗ್ಳು. ಆಗಿದ್ದು ಆಗೋಯ್ತು. ಎಲೆ ಅಡಿಕೆ ಆಕ್ಕೊಂಡು ಸುಮ್ನೆ ಓಗು. ಕಾರಲ್ಲೇ ಕಿರ್ಗಾವ್ಲ್ಗಂಟ ಬುಡುಸ್ತೀನಿ."

ಆಗ ತಿಳಿಯಿತು ಅವಳಿಗೆ, ಮಟನ್ನಿನ ಪೀಸೆಲ್ಲ ತನ್ನ ಎಲೆಗೆ ಯಾಕೆ ಬಿತ್ತೆಂದು. ಅವಳನ್ನು ಬಾಗಿಲಲ್ಲಿ ಕಂಡ ಒಂದೇ ಗಳಿಗೆಯಲ್ಲಿ ಈ ಮನುಷ್ಯ ಲೆಕ್ಕ ಹಾಕಿದ್ದ. ಅವಳ ಬಾಯಿಗೆ ಅನ್ನ ತುರುಕಿ ಬಾಯಿ ಮುಚ್ಚಿಸಿದ್ದ. ಬೀಗನ ಹೊಟ್ಟೆಬಾಕತನ ಒಂದು ಅಡ್ಡ ಬರದಿದ್ದರೆ, ಅವಳು ಹೊಟ್ಟೆ ತುಂಬಾ ಉಂಡು, ಹುಡುಗಿ ಬರುವ ಬಸ್ಸು ಕಾಯ್ದು ಕಾಯ್ದು, ಕಡೆಗೆ ಮಂಡ್ಯಕ್ಕೆ ಹೊರಟೇ ಹೋಗುತ್ತಿದ್ದಳು. ಕಿಟಕಿಯಲ್ಲಿ ದೀಪಿಕ ಅದನ್ನೂ ನೋಡುತ್ತಿದ್ದಳು.

ನಾಗರತ್ನ ಎಡಗೈಯಲ್ಲಿ ಬ್ಯಾಗಿನಿಂದ ಫೋನು ತೆಗೆದು ಠಾಣೆಗೆ ಹಚ್ಚಿದಳು. ಊರು, ಮನೆ, ಹುಡುಗಿಯ ವಯಸ್ಸು ಹೇಳಿದಳು. ತಾಳಿ ಕಟ್ಟಿದ ಸಂತೋಷನ ಹೆಸರು, ಕಟ್ಟಿಸಿದ ದೇವಯ್ಯನ ಹೆಸರು ಹೇಳಿದಳು. ಊಟ ಇನ್ನೂ ನಡೀತಿದೆ, ಎಲ್ಲರೂ ಇಲ್ಲೇ ಇದ್ದಾರೆ, ಜೀಪು ಕಳಿಸಿ ಅಂದಳು. ಆ ಕಡೆಯವರು ಊಟಕ್ಕೆ ಬಂದಿರುವವರು ಯಾರ್ಯಾರು ಅಂತ ಕೇಳಿದರು. ಅವಳು ದೇವಯ್ಯನ ಮುಖ ನೋಡಿಕೊಂಡೇ ಹೇಳಿದಳು.

"ಮೊದಲ ಹೆಸರು ನಾಗರತ್ನ, ಹನಕೆರೆ. ಹೌದು ಸಾರ್, ನಾನೇ. ಉಂಡಿದ್ದೀನಿ. ಎರಡು ಸಲ ಹಾಕಿಸ್ಕೊಂಡು ಉಂಡಿದ್ದೀನಿ. ಇಲ್ಲ ಅನ್ನೋಕಾಗಲ್ಲ, ಫೋಟೋ ಇವರ ಹತ್ರಾನೇ ಐತೆ. ಅದನ್ನೂ ತಗೊಳ್ಳಿ. ಮದುವೆ ಊಟ ನಡೆದಿದ್ದಕ್ಕೆ ಅದೇ ಸಾಕ್ಷಿ."

ದೇವಯ್ಯ ಮೊಬೈಲನ್ನು ಜೇಬಿಗೆ ತುರುಕಿಕೊಂಡ. ಬಾಗಿಲು ಬಿಟ್ಟು ಸರಿದ. ಹೊರಗೆ ಆಗಲೇ ಎಲೆ ಎತ್ತಿ ನೆಲ ಸಾರಿಸಿದ್ದರು. ಪೊಲೀಸರು ಬರುತ್ತಾರೆ ಅಂತ ಗುಸುಗುಸು ಹಬ್ಬಿತು. ಗಂಡಿನ ಕಡೆಯ ಕೆಲವರು ವ್ಯಾನಿನ ಕಡೆ ನಡೆದರು. ಇನ್ನೂ ಉಣ್ಣದೆ ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಜೀಪು ಬರೋಕೆ ಇನ್ನೂ ಒತ್ತಾಯ್ತದೆ, ಮಾಡಿರೋ ಅಡ್ಗೆ ಆಳಾಯ್ತದೆ ಅಂದುಕೊಂಡು ಎರಡನೇ ಪಂಕ್ತಿಗೆ ಕೂತರು. ಮುದ್ದೆಯ ತಟ್ಟೆ ಮತ್ತೆ ಸಾಲು ಹಿಡಿಯಿತು. ಸಣ್ಣತಾಯಮ್ಮ ಸೌಟು ಕೆಳಗಿಡದೆ ಬಡಿಸುತ್ತಲೇ ಇದ್ದಳು.

ದೀಪಿಕ ಕಿಟಕಿಯಿಂದ ಅದನ್ನೆಲ್ಲ ನೋಡಿದಳು. ಆಮೇಲೆ ಕುತ್ತಿಗೆಯ ದಾರವನ್ನು ತಲೆಯ ಮೇಲಿಂದ ತೆಗೆದು ಭತ್ತದ ಮೂಟೆಯ ಮೇಲಿಟ್ಟಳು. ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು ಎದ್ದಳು. ನಾಗರತ್ನ ಮತ್ತೆ ಕೈ ಚಾಚಲಿಲ್ಲ. ಚಾಚುವ ಮುಖ ಅವಳಿಗಿರಲಿಲ್ಲ. ಗೊಜ್ಜು ಒಣಗಿದ ಕೈಯನ್ನು ಬೆನ್ನ ಹಿಂದೆ ಹಿಡಿದುಕೊಂಡು ದಾರಿ ಬಿಟ್ಟು ನಿಂತಳು.

ಹುಡುಗಿ ಮೂಲೆಯಲ್ಲಿದ್ದ ನೀರಿನ ಚೊಂಬು ಎತ್ತಿಕೊಂಡಳು. ಹಿತ್ತಲ ಬಾಗಿಲು ದಾಟಿ, ಬಚ್ಚಲ ಕಲ್ಲಿನ ಹತ್ತಿರ ನಿಂತು ತಿರುಗಿ ನೋಡಿದಳು.

"ಬನ್ನಿ, ಮೊದ್ಲು ಕೈ ತೊಳ್ಕಳಿ," ಅಂದಳು. "ನಾನು ನೀರು ಉಯ್ತೀನಿ. ಚೆನ್ನಾಗಿ ಉಜ್ಜಿ. ಆಮೇಲೆ ನನ್ನ ಇಡ್ಕಳಿವ್ರಂತೆ."