ಟೀ ಕುಡಿಯದ ವರದಿಗಾರರು

ಉಲಾನ್‌ಬಾತರಿನ ಉತ್ತರದ ಗುಡ್ಡದ ಮೇಲಿದ್ದ, ಮನೆಗಳಿಗೆ ನೀರು ಹಂಚುವ ನಲ್ಲಿಕಟ್ಟೆಗೆ ಬೀಗ ಬಿದ್ದು ಅರ್ಧ ಚಳಿಗಾಲ ಕಳೆದಿತ್ತು. ಅಂದಿನಿಂದ ನರಂಗೆರೆಲ್ ಗುಡ್ಡದ ಬುಡದಿಂದ ಹೆಪ್ಪುಗಟ್ಟಿದ ಇಳಿಜಾರಿನಲ್ಲಿ ನೀರಿನ ಕ್ಯಾನು ಎಳೆಯುತ್ತಿದ್ದಳು. ಜಿಲ್ಲಾ ಕಚೇರಿಯ ಮುಂದೆ ಅವಳು ಗೋಗರೆದದ್ದು ಬಂಡೆಯ ಮೇಲೆ ನೀರು ಹೊಯ್ದಂತಾಗಿತ್ತು. ಡೆನ್ಮಾರ್ಕಿನಿಂದ ಪತ್ರಿಕೋದ್ಯಮ ಕಲಿಯುವ ಹುಡುಗರು ‘ಸಾಮಾಜಿಕ ಸಮಸ್ಯೆ’ ಹುಡುಕಿಕೊಂಡು ಬರುತ್ತಾರೆ ಎಂದು ಅವರ ದುಭಾಷಿ ಹೇಳಿದಾಗ ಅದಕ್ಕೇ ಅವರನ್ನು ಕೂರಿಸಿಕೊಳ್ಳಲು ಒಪ್ಪಿದಳು. ಹೊರದೇಶದಲ್ಲಿ ಅಚ್ಚಾದರೆ ಕಚೇರಿಯ ಕಿವಿಗೂ ಬಿದ್ದೀತು.

ಬಂದರು. ಊರಿನ ಕಲ್ಲಿದ್ದಲ ಹೊಗೆಗೆ ಹೆದರಿ ಮೂಗು ಬಾಯಿ ಕಟ್ಟಿಕೊಂಡೇ ಗುಡಾರಕ್ಕೆ ನುಗ್ಗಿದರು. ಅವರ ಮೇಷ್ಟ್ರು ಮೈಕು ಚಾಚಿ, ದುಭಾಷಿ ತೊಗಲ್ದೂರನ ಮೂಲಕ, ಚಳಿಗಾಲ ಹೇಗೆ ಕಳೆಯುತ್ತಿದೆ ಎಂದು ಕೇಳಿದ.

ಈ ಪ್ರಶ್ನೆಗೆ ಮಂಗೋಲರಲ್ಲಿ ಇರುವುದು ಒಂದೇ ಉತ್ತರ. ಕುರಿಯೆಲ್ಲ ಹಿಮದಲ್ಲಿ ಸೆಟೆದು ಸತ್ತ ವರ್ಷವೂ ಅವಳ ಮಾವ ಬಂದವರಿಗೆ ‘ಚೆನ್ನಾಗಿದೆ’ ಎಂದೇ ಹೇಳಿದ್ದ. ಕುರಿಯ ಮಾತೆತ್ತಿದ್ದು ಎರಡನೇ ಬಟ್ಟಲು ಟೀ ಮುಗಿದ ಮೇಲೆ. ನರಂಗೆರೆಲಳೂ ಚೆನ್ನಾಗಿದೆ ಎಂದಳು. ಐದು ಪೆನ್ನು ಗೀಚಿದವು.

ಅವಳು ಉಪ್ಪು ಹಾಕಿದ ಹಾಲಿನ ಟೀ ಬಗ್ಗಿಸಿದಳು. ಇಲ್ಲಿನ ನೀರು ಮುಟ್ಟಬೇಡಿ ಎಂದು ಮೇಷ್ಟ್ರ ಕಟ್ಟಪ್ಪಣೆ. ಹುಡುಗರು ಬಟ್ಟಲಿನ ಫೋಟೋ ತೆಗೆದರು, ಅವಳ ನಗುವಿನ ಫೋಟೋ ತೆಗೆದರು, ಎದ್ದರು. ಹೊಗೆಯ ನಡುವೆಯೂ ನಗುವ ಜನ! ತಲೆಬರಹ ವಿಮಾನದಲ್ಲೇ ತಯಾರಾಗಿತ್ತೋ ಏನೋ.

“ಅಕ್ಕಾ, ಇವರಿಗೆ ಬೇಕಾದ್ದು ಸಿಕ್ತಂತೆ,” ಎಂದ ತೊಗಲ್ದೂರ್, ನೆಲ ನೋಡುತ್ತ.

“ಏನೋ ಸಿಕ್ತು? ನಾನಿನ್ನೂ ಬಾಯೇ ಬಿಟ್ಟಿಲ್ಲ. ಟೀ ಹಂಗೇ ಐತೆ.”

“ಕುಡಿಯಲ್ಲ ಅಕ್ಕಾ ಇವರು.”

ಅವಳ ನೆತ್ತಿಗೇರಿತು. ಜನ್ಮದಲ್ಲಿ ಅತಿಥಿಯ ಕೈಗೆ ಕೆಲಸ ಕೊಟ್ಟವಳಲ್ಲ. ಅಂಥವಳು ಖಾಲಿ ಕ್ಯಾನು ಹೇರಿದ ಜಾರುಬಂಡಿಯ ಹಗ್ಗವನ್ನು ಎಲ್ಲರಿಗಿಂತ ಮುಂದಿದ್ದ ಅಸ್ಗರ್ ಎಂಬ ಹುಡುಗನ ಕೈಗೆ ತುರುಕಿದಳು. “ನೀರು ತರೋಕೆ ಹೇಳು. ಬರೆಯೋದು ಆಮೇಲೆ.”

ಒಲೆಯ ಪಕ್ಕ ಕೂತಿದ್ದ ಮಾವ ಮುಖ ತಿರುಗಿಸಿದ. ಮೇಷ್ಟ್ರಿಗೋ ಸ್ವರ್ಗ ಮೂರೇ ಗೇಣು: ಇದೇ ಅನುಭವ, ಇದನ್ನೇ ಚಿತ್ರಿಸಿ! ಅಸ್ಗರ್ ಕ್ಯಾಮೆರಾಕ್ಕೆ ಕೈಬೀಸುತ್ತ ಇಳಿದ. ಮೊದಲ ತಿರುವಿನಲ್ಲೇ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡ.

ಊರೆಲ್ಲ ಸೊಂಟ ಮುರಿದುಕೊಂಡಾಗ ಅಲುಗದ ಕಚೇರಿ ಒಂದು ಬಿಳಿಯ ಮಣಿಕಟ್ಟಿಗೆ ದಡಬಡಿಸಿ ಎದ್ದಿತು. ವಾರ ತುಂಬುವುದರೊಳಗೆ ಕಟ್ಟೆಯ ಬೀಗ ತೆಗೆದರು. ಡೆನ್ಮಾರ್ಕಿನಲ್ಲಿ ಅಚ್ಚಾದ ಲೇಖನದ ತುಂಬ ಅಸ್ಗರನ ಪ್ಲಾಸ್ಟರು, ಅವನ ನೋವು, ಅವನ ಧೈರ್ಯ. ಮೂಲೆಯಲ್ಲಿ ‘ಸ್ಥಳೀಯ ಮಹಿಳೆ’ಯೊಬ್ಬಳು ನಗುತ್ತಿದ್ದಳು.

ಕಟ್ಟೆ ತೆರೆದ ದಿನ ಜಿಲ್ಲಾ ಕಚೇರಿಯ ಅಧಿಕಾರಿ ಟಿವಿಯವರನ್ನು ಕಟ್ಟಿಕೊಂಡು ಬಂದಿದ್ದ. ನಲ್ಲಿಯ ಕೆಳಗೆ ಕ್ಯಾನು ಇಟ್ಟಿದ್ದ ನರಂಗೆರೆಲಳ ಪಕ್ಕ ನಿಂತು, ಚಳಿಗಾಲ ಹೇಗಿದೆ ತಾಯಿ ಎಂದು ಹಲ್ಲು ಕಿರಿದ.

‘ಚೆನ್ನಾಗಿದೆ’ ನಾಲಿಗೆಯ ತುದಿಗೇ ಬಂದಿತ್ತು. ಅವಳು ನುಂಗಿಕೊಂಡಳು.

“ಮನೆಗೆ ಬಾರಪ್ಪ. ಇವರನ್ನೂ ಕರ್ಕೊಂಡು ಬಾ. ಎರಡು ಬಟ್ಟಲು ಟೀ ಕುಡೀರಿ, ಆಮೇಲೆ ಹೇಳ್ತೀನಿ.”

ಅಧಿಕಾರಿ ಗಡಿಯಾರ ನೋಡಿಕೊಂಡ.