ಗರಿಕೈ ಬಿಟ್ಟ ಮಾತ್ರೆ

ನಮ್ಮ ಗುಟು ಜಿಲ್ಲೆಯ ಕಡೆ ಯಾರಾದರೂ ದಿನಾ ಮಾತ್ರೆ ನುಂಗುತ್ತಾರೆಂದು ಗೊತ್ತಾದರೆ ಸಾಕು, ಅದು ಏಡ್ಸ್ ಮಾತ್ರೆಯೇ ಎಂದು ಜನ ತೀರ್ಮಾನಿಸಿಬಿಡುತ್ತಾರೆ. ಸ್ವಲ್ಪ ಸೊರಗಿದರಂತೂ ಮುಗಿಯಿತು. ಗಾರೆ ಕೆಲಸದ ಗರಿಕೈಗೆ ಆದದ್ದೂ ಅದೇ.

ಅವನ ರಕ್ತದಲ್ಲಿ ಕೊಲೆಸ್ಟ್ರಾಲ್ ಎಂಬ ಕೊಬ್ಬು ವಿಪರೀತ ಏರಿತ್ತು. ಅಪ್ಪ ಎದೆನೋವಿನಲ್ಲೇ ಹೋದವನು. ಡಾಕ್ಟರು ರಾತ್ರಿಗೊಂದು ಮಾತ್ರೆ ಕೊಟ್ಟು, ಕೊಬ್ಬಿನ ಮಾಂಸ ಕಡಿಮೆ ಮಾಡು ಎಂದರು. ಗರಿಕೈ ಹೇಳಿದಂತೆ ಕೇಳಿದ, ಮೈ ಇಳಿಯಿತು. ಮನೆಯಲ್ಲಿ ಕಾಸಿದ ಬಿಯರು ಒಂದೇ ಸೋರೆಬುರುಡೆಯಲ್ಲಿ ಕೈಯಿಂದ ಕೈಗೆ ಹೋಗುವಾಗ ಅವನೊಬ್ಬನನ್ನು ದಾಟಿ ಹೋಗತೊಡಗಿತು.

ಅವನಕ್ಕ ಎಸ್ನಾತ್ ಬಂದು ಬೈದಳು.

"ಊರಲ್ಲಿ ತಲೆ ಎತ್ಕೊಂಡು ಓಡಾಡೋಕಾಗ್ತಿಲ್ಲ ಕಣೋ. ನಿನಗೆ ಎದೆನೋವು ಇದೆಯಾ?"

"ಇಲ್ಲಕ್ಕ."

"ಮತ್ಯಾಕೆ ಮಾತ್ರೆ? ಬಿಸಾಕು. ಚೆನ್ನಾಗಿ ತಿಂದು ಮೈ ತುಂಬಿಸ್ಕೊ, ಆಡ್ಕೊಳ್ಳೋ ಬಾಯಿ ತಾನೇ ಮುಚ್ಚುತ್ತೆ."

ಊರಿನ ಆರೋಗ್ಯ ಕಾರ್ಯಕರ್ತೆ ಮಾಯ್ ಶಿಂಗೈ ಬೇಡವೆಂದಳು. "ನೋವಿಲ್ಲ ಅಂತ ಬಿಡಬೇಡಪ್ಪ. ಕೊಬ್ಬು ರಕ್ತನಾಳದೊಳಗೆ ಸದ್ದಿಲ್ಲದೆ ಕಟ್ಕೊಳ್ಳುತ್ತೆ. ಮಾತ್ರೆ ಅದನ್ನ ತಡೀತಿದೆ."

"ನಿಮಗೇನು, ನಿಮ್ಮನ್ನ ಯಾರೂ ಆಡ್ಕೊಳ್ಳಲ್ಲ" ಎಂದ ಗರಿಕೈ.

ಮಾತ್ರೆ ನಿಂತಿತು. ಸಾಡ್ಜಾ ಮುದ್ದೆಯ ಜೊತೆ ದನದ ಕೊಬ್ಬು ಮತ್ತೆ ಬಂತು, ಮೈಯೂ ಬಂತು, ಬುರುಡೆಯೂ ಅವನ ಕೈಗೆ ಬಂತು. ಊರು ಖುಷಿಪಟ್ಟಿತು. ಜೋಳದ ಕೊಯ್ಲಿಗೆ ಮೊದಲು ಒಂದು ದಿನ ಗೋಡೆ ಕಟ್ಟುತ್ತಿದ್ದವನು ಎದೆ ಹಿಡಿದು ಕೂತ. ಆಸ್ಪತ್ರೆಗೆ ಗಾಡಿ ಸಿಗುವ ಮೊದಲೇ ಹೋದ.

ಸಾವಿನ ಮನೆಯಲ್ಲಿ ಎಸ್ನಾತ್ ಮಾಯ್ ಶಿಂಗೈಯ ಕೈ ಹಿಡಿದಳು. "ಅವನಿಗೆ ಆ ರೋಗ ಇರಲಿಲ್ಲ ಅಂತ ಈಗ ಎಲ್ಲರಿಗೂ ಗೊತ್ತಾಯ್ತಲ್ಲ."

"ಆ ರೋಗದ ಮಾತ್ರೆ ನುಂಗೋರು ಬದುಕಿದ್ದಾರೆ ಎಸ್ನಾತ್. ಹೊಲಕ್ಕೆ ಹೋಗ್ತಾರೆ, ಮಕ್ಕಳ್ನ ಸಾಕ್ತಾರೆ. ಸತ್ತೋನು ನಾಚ್ಕೊಂಡು ಮಾತ್ರೆ ಬಿಟ್ಟೋನು."

ಎಸ್ನಾತ್ ಗೋಡೆಗೆ ತಲೆ ಚಚ್ಚಿಕೊಂಡು ಅತ್ತಳು. ಯಾರು ಸಮಾಧಾನ ಹೇಳಬೇಕು, ಏನೆಂದು ಹೇಳಬೇಕು?

ಆಮೇಲೆ ಮನೆಮಂದಿಯೆಲ್ಲ ರಕ್ತ ಪರೀಕ್ಷೆ ಮಾಡಿಸಿದರು. ಎಸ್ನಾತಳಿಗೂ ಅದೇ ತೊಂದರೆ. ಈಗ ಅವಳು ಅಂಗಳದಲ್ಲಿ ಕೂತು ಎಲ್ಲರೆದುರೇ ಮಾತ್ರೆ ನುಂಗುತ್ತಾಳೆ. ಅವಳನ್ನು ಕೇಳುವ ಧೈರ್ಯ ಯಾರಿಗೂ ಇಲ್ಲ, ಅವಳಿಗೆ ನೆಮ್ಮದಿಯೂ ಇಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನೋವಿಲ್ಲವೆಂದು ಮಾತ್ರೆ ಬಿಡಬೇಡಿ. ಬಿಡುವ ಮನಸ್ಸಾದರೆ ಮೊದಲು ಡಾಕ್ಟರನ್ನು ಕೇಳಿ. ಪಕ್ಕದ ಮನೆಯವರು ಮಾತ್ರೆ ಕೈಯಲ್ಲಿ ಹಿಡಿದದ್ದು ಕಂಡರೆ ಯಾವುದಕ್ಕೆಂದು ಕೇಳದೆ ಒಂದು ಲೋಟ ನೀರು ಕೊಡಿ. ಗರಿಕೈಗೆ ನಮ್ಮೂರು ಅಷ್ಟನ್ನೂ ಕೊಡಲಿಲ್ಲ.