ಎರಡು ಬೀಗದ ಪೆಟ್ಟಿಗೆ

ನನ್ನ ಪೆಟ್ಟಿಗೆಗೆ ನನ್ನ ಹೆಣ್ಣುಮಕ್ಕಳಿಬ್ಬರೂ ಸೇರಿ ಎರಡು ಬೀಗ ಜಡಿದಿದ್ದರು. ನಾನು ಆಸ್ಪತ್ರೆಯಲ್ಲಿ ಉಸಿರಿಗೆ ಒದ್ದಾಡುತ್ತಿದ್ದಾಗ ಮಾಡಿದ ಘನಕಾರ್ಯ. ಒಳಗಿದ್ದ ರೇಷ್ಮೆ ಸೀರೆಗಳು, ನಾನೇ ಹೆಣೆದ ಉಣ್ಣೆ ಶಾಲು ಯಾರಿಗೆ ಸೇರಬೇಕೆಂಬುದು ಇತ್ಯರ್ಥವಾಗಲಿಲ್ಲವಂತೆ. ಒಬ್ಬಳ ಮೇಲೊಬ್ಬಳಿಗೆ ನಂಬಿಕೆಯಿಲ್ಲ, ಅದಕ್ಕೇ ತಲೆಗೊಂದು ಬೀಗ. ನಾನು ಬದುಕಿ ಬರುತ್ತೇನೆಂದು ಇಬ್ಬರೂ ಎಣಿಸಿರಲಿಲ್ಲ.

ಬಂದೆ. ಚಿಕ್ಕವಳ ಮನೆಯ ಹಿಂದಿನ ಕೋಣೆಯಲ್ಲಿ ನನ್ನ ಮಂಚ, ಅದರ ಕೆಳಗೆ ಪೆಟ್ಟಿಗೆ. ಚಳಿ ಶುರುವಾದಾಗ ಶಾಲು ಕೇಳಿದೆ.

“ನನ್ನ ಬೀಗ ಈಗ್ಲೇ ತೆಗೀತೀನಮ್ಮ, ಅಕ್ಕ ಬರ್ಲಿ. ಅವಳ ಬೀಗ ಒಡೆದ್ರೆ ಕದ್ದೆ ಅಂತಾಳೆ,” ಎಂದಳು ಚಿಕ್ಕವಳು.

ದೊಡ್ಡವಳಿಗೆ ಫೋನ್ ಮಾಡಿದೆ. “ಅವಳ ಮನೆ ಹೊಸ್ತಿಲು ನಾನು ತುಳಿಯಲ್ಲ. ಕಂಬಳಿ ಇದ್ಯಲ್ಲ, ಹೊದ್ಕೊಮ್ಮ,” ಎಂದು ಇಟ್ಟುಬಿಟ್ಟಳು.

ನನಗೆ ಮೈಯೆಲ್ಲ ಉರಿದುಹೋಯಿತು. ಪ್ರತಿ ಬೇಸಿಗೆಯಲ್ಲೂ ಆ ಬಟ್ಟೆಗಳನ್ನು ಬಿಸಿಲಿಗೆ ಹರವಿ, ಕೊಡವಿ, ಮಡಿಕೆ ಬದಲಿಸಿ ಇಡುತ್ತಿದ್ದವಳು ನಾನು. ಈ ಸಲ ಬೇಸಿಗೆ ಬಂದು ಹೋಯಿತು, ಬೀಗ ಅಲ್ಲಾಡಲಿಲ್ಲ.

ಒಂದು ಸಂಜೆ ಪೆಟ್ಟಿಗೆಯ ಸಂದಿಯಿಂದ ಗೋಧಿ ಬಣ್ಣದ ಪುಟ್ಟ ಚಿಟ್ಟೆಯೊಂದು ಹೊರಬಂತು. ದೀಪದ ಕಡೆ ಹಾರದೆ ಕತ್ತಲ ಮೂಲೆಗೆ ಓಡಿತು. ಬೆಳಕಿಗೆ ಹೆದರುವುದು ಉಣ್ಣೆ ತಿನ್ನುವ ನುಸಿಯೇ ಎಂದು ಚಿಕ್ಕವಳನ್ನು ಕೂಗಿದೆ.

“ನುಸಿ ಬಿದ್ದಿದೆ ಕಣೇ!”

“ಅಯ್ಯೋ, ಅಕ್ಕಿ ಹುಳ ಇರ್ಬೇಕಮ್ಮ,” ಎಂದು ಚಿಕ್ಕವಳು ಮರುದಿನ ಅಡುಗೆಮನೆಯ ಡಬ್ಬಗಳನ್ನೆಲ್ಲ ಬಿಸಿಲಿಗಿಟ್ಟಳು. ಅಕ್ಕಿಗೆ ಸಿಕ್ಕಿದ ಬಿಸಿಲು ನನ್ನ ಶಾಲಿಗೆ ಸಿಗಲಿಲ್ಲ.

ಪೆಟ್ಟಿಗೆ ತೆಗೆಯುವವರೆಗೂ ತುತ್ತು ಮುಟ್ಟುವುದಿಲ್ಲವೆಂದು ಹಟ ಹಿಡಿದು ಕೂತೆ. ಮುದುಕಿ ಸತ್ತರೆ ಜನ ಉಗಿಯುತ್ತಾರೆಂಬ ಭಯಕ್ಕೋ ಏನೋ, ಮಾರನೆಯ ದಿನವೇ ದೊಡ್ಡವಳು ಮುಖ ಗಂಟಿಕ್ಕಿಕೊಂಡು ಬಂದಳು. ಎರಡು ಬೀಗವೂ ಕಳಚಿದವು.

ಶಾಲು ಮೇಲೇ ಇತ್ತು. ಎತ್ತಿದರೆ ಅರ್ಧ ಕೈಯಲ್ಲಿ, ಅರ್ಧ ನೆಲದಲ್ಲಿ. ಮಡಿಕೆಯೊಳಗೆ ಬಿಳಿ ಹುಳಗಳು ಮಿಜಿಮಿಜಿ ಎನ್ನುತ್ತಿದ್ದವು. ಕಣ್ಣು ನೋಯಿಸಿಕೊಂಡು ಹೆಣೆದ ಅಂಚಿನಲ್ಲಿ ಬೆರಳು ತೂರುವಷ್ಟು ತೂತುಗಳು. ಅಳು ಬರಲಿಲ್ಲ, ಸಿಟ್ಟು ಬಂತು.

“ನುಸಿಗುಳಿಗೆ ಹಾಕು ಅಂತ ಹೇಳಿರ್ಲಿಲ್ವಾ?” ದೊಡ್ಡವಳು ತಂಗಿಯ ಮೇಲೆ ಹರಿಹಾಯ್ದಳು.

“ನಿನ್ನ ಬೀಗ ಇರುವಾಗ ಎಲ್ಲಿಂದ ಹಾಕ್ಲಿ?”

“ಬಾಯಿ ಮುಚ್ಚಿ ಇಬ್ರೂ!” ಎಂದು ಕಿರುಚಿದೆ. “ಹುಳಕ್ಕೆ ಹಸಿವಿತ್ತು, ತಿಂತು. ನಿಮಗೇನಾಗಿತ್ತು?”

ಇಬ್ಬರೂ ತಲೆ ತಗ್ಗಿಸಿದರು. ಆಗಲೂ ಕಣ್ಣು ಪೆಟ್ಟಿಗೆಯ ತಳದ ಸೀರೆಗಳ ಮೇಲೇ ಇತ್ತು.